ಅಂಜಿಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದವರು

'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿ ಬರೆಯುತ್ತಿದ್ದ ತಿಂಗಳುಗಳಲ್ಲಿ ಜಾನ್ ಸ್ಟೈನ್‌ಬೆಕ್ ಜೊತೆಜೊತೆಗೇ ಒಂದು ದಿನಚರಿಯನ್ನೂ ಬರೆಯುತ್ತಿದ್ದ. ಕಾದಂಬರಿ 1939ರಲ್ಲಿ ಬಂತು. ದಿನಚರಿ ಅಚ್ಚಾದದ್ದು ಅವನು ತೀರಿಕೊಂಡು ಇಪ್ಪತ್ತು ವರ್ಷ ಕಳೆದ ಮೇಲೆ, 1989ರಲ್ಲಿ, 'ವರ್ಕಿಂಗ್ ಡೇಸ್' ಎಂಬ ಹೆಸರಿನಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದರೆ ಇವನ್ನು ಒಂದೇ ಕೈ ಬರೆದಿದೆ ಎಂದು ನಂಬುವುದು ಕಷ್ಟ. ಜಮೀನು ಕಳೆದುಕೊಂಡು ಓಕ್ಲಹೋಮಾದಿಂದ ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೊರಟ ಜೋಡ್ ಕುಟುಂಬದ ಕಥೆ ಎಲ್ಲಿಯೂ ತಡವರಿಸದೆ ಸಾಗುತ್ತದೆ. ದಿನಚರಿಯಲ್ಲಿ ಮಾತ್ರ ಆ ಲೇಖಕ, ತಾನು ಲೇಖಕನೇ ಅಲ್ಲ, ಇಷ್ಟು ದಿನ ತನಗೆ ತಾನೂ ಸುಳ್ಳು ಹೇಳಿಕೊಂಡು ಬೇರೆಯವರನ್ನೂ ನಂಬಿಸಿಬಿಟ್ಟೆ, ಈ ಪುಸ್ತಕ ತೀರಾ ಸಾಧಾರಣವಾಗುತ್ತದೆ ಎಂದು ತೋಡಿಕೊಳ್ಳುತ್ತಾನೆ.

ಇದು ಮೊದಲ ಪುಸ್ತಕ ಬರೆಯಲು ಹೊರಟ ಹುಡುಗನ ಅಳುಕಲ್ಲ. 1938ರ ಆ ಬೇಸಿಗೆಯಲ್ಲಿ ಸ್ಟೈನ್‌ಬೆಕ್‌ಗೆ 36 ವರ್ಷ. ಹಿಂದಿನ ವರ್ಷವಷ್ಟೇ ಬಂದಿದ್ದ 'ಆಫ್ ಮೈಸ್ ಅಂಡ್ ಮೆನ್' ಮನೆಮಾತಾಗಿತ್ತು, ನಾಟಕವಾಗಿ ನ್ಯೂಯಾರ್ಕಿನ ರಂಗಭೂಮಿಯಲ್ಲೂ ಗೆದ್ದಿತ್ತು. ಹೆಸರು ಬಂದಷ್ಟೂ ಅವನ ಭಯ ಬೆಳೆಯಿತು. ಈ ಗೆಲುವಿಗೆ ತಾನು ಯೋಗ್ಯನಲ್ಲ, ಇಂದಲ್ಲ ನಾಳೆ ಬಂಡವಾಳ ಬಯಲಾಗುತ್ತದೆ ಎಂಬ ಭಯ.

ಈಗ ಇದಕ್ಕೆ 'ಇಂಪೋಸ್ಟರ್ ಸಿಂಡ್ರೋಮ್' ಎಂಬ ಹೆಸರು ಬಳಕೆಯಲ್ಲಿದೆ. ಕಥಾ ಕಮ್ಮಟಗಳಲ್ಲಿ, ರಂಗ ತಾಲೀಮಿನ ಬಿಡುವಿನಲ್ಲಿ, ಚಿತ್ರಕಲಾ ಶಾಲೆಯ ಕ್ಯಾಂಟೀನಿನಲ್ಲಿ ಈ ಮಾತು ಸಲೀಸಾಗಿ ಓಡಾಡುತ್ತದೆ. ಅದನ್ನು 'ಗೆಲ್ಲುವುದು' ಹೇಗೆ ಎಂದು ಹೇಳಿಕೊಡುವ ವಿಡಿಯೊಗಳಿಗೂ ಬರವಿಲ್ಲ. ಆತ್ಮವಿಶ್ವಾಸ ಬೆಳೆಸಿಕೊಳ್ಳಿ, ಕನ್ನಡಿಯ ಮುಂದೆ ನಿಂತು ನಿಮ್ಮನ್ನು ನೀವೇ ಹೊಗಳಿಕೊಳ್ಳಿ ಎನ್ನುತ್ತಾರೆ. ನನಗೆ ಆ ಸಲಹೆಗಳಲ್ಲಿ ನಂಬಿಕೆಯಿಲ್ಲ. ಒಳ್ಳೆಯದನ್ನು ಮಾಡಿದವರ ಬದುಕನ್ನು ಹತ್ತಿರದಿಂದ ಓದಿದರೆ, ಅಂಜಿಕೆ ಹೋದ ಮೇಲೆ ಕೆಲಸಕ್ಕೆ ಕೂತವರು ಸಿಗುವುದು ಅಪರೂಪ. ಬಹಳಷ್ಟು ಮಂದಿ ಅಂಜುತ್ತಲೇ ಬರೆದಿದ್ದಾರೆ, ಹಾಡಿದ್ದಾರೆ. ಹೇಗೆ ಎಂಬುದನ್ನು ಅವರ ಕೆಲಸದ ಕೋಣೆಗೇ ಹೋಗಿ ನೋಡಬೇಕು.

ಸ್ಟೈನ್‌ಬೆಕ್‌ನ ಆ ಬೇಸಿಗೆ ನೆಮ್ಮದಿಯದಾಗಿರಲಿಲ್ಲ. ಅವನಿದ್ದ ಲಾಸ್ ಗ್ಯಾಟೋಸ್, ಇವತ್ತು ಸಿಲಿಕಾನ್ ವ್ಯಾಲಿ ಎನ್ನಿಸಿಕೊಂಡು ಸಾವಿರಾರು ಕನ್ನಡಿಗರಿಗೆ ಮನೆಯಾಗಿರುವ ಕಣಿವೆಯ ಅಂಚಿನ ಊರು. ಆಗ ಅದು ಹಣ್ಣಿನ ತೋಟಗಳ ಸೀಮೆ. ಅಕ್ಕಪಕ್ಕದಲ್ಲಿ ಹೊಸ ಮನೆಗಳು ಏಳುತ್ತಿದ್ದವು, ಹಗಲಿಡೀ ಸುತ್ತಿಗೆಯ ಸದ್ದು. ಅವನ ಪ್ರಕಾಶನ ಸಂಸ್ಥೆ ನಡುವೆಯೇ ದಿವಾಳಿಯಾಯಿತು. ಮನೆಗೆ ಬಂದುಹೋಗುವವರ ಕಾಟ ಬೇರೆ. ಇವೆಲ್ಲವೂ ದಿನಚರಿಯಲ್ಲಿವೆ.

ಅದಕ್ಕಿಂತ ದೊಡ್ಡ ಭಾರ ಬೇರೆಯಿತ್ತು. ಆ ವರ್ಷದ ಮೊದಲ ತಿಂಗಳುಗಳಲ್ಲಿ ಅವನು ವಿಸೇಲಿಯಾ ಸುತ್ತಮುತ್ತ ನೆರೆಗೆ ಸಿಕ್ಕಿದ್ದ ವಲಸೆ ಕೂಲಿಗಳ ಡೇರೆಗಳಿಗೆ ಹೋಗಿಬಂದಿದ್ದ. ನೀರು ತುಂಬಿದ ಡೇರೆಗಳಲ್ಲಿ ಹಸಿವಿನಿಂದ, ಕಾಯಿಲೆಯಿಂದ ಸಾಯುತ್ತಿದ್ದವರನ್ನು ಕಣ್ಣಾರೆ ಕಂಡಿದ್ದ. ಅವರ ಕಥೆ ಬರೆಯಲು ತನ್ನ ಕೈ ಸಾಲದು ಎಂಬುದು ಅವನ ಸಂಕಟ. ಅವನ ಅಳುಕು ಎಷ್ಟೋ ಸಲ ತನ್ನ ಮರ್ಯಾದೆಯ ಕುರಿತದ್ದಾಗಿರಲಿಲ್ಲ, ಆ ಜನರ ಕುರಿತದ್ದಾಗಿತ್ತು.

ಅದೇ ವರ್ಷದ ಮೇ ತಿಂಗಳಿನಲ್ಲಿ ಅವನು ಮಾಡಿದ ಇನ್ನೊಂದು ಕೆಲಸವನ್ನೂ ಇಲ್ಲಿ ನೆನೆಯಬೇಕು. ಸಲೀನಾಸ್ ಊರಿನ ಕೂಲಿಗಳ ಮುಷ್ಕರವನ್ನು ಹತ್ತಿಕ್ಕಿದ ದೊಡ್ಡ ಮನುಷ್ಯರನ್ನು ಲೇವಡಿ ಮಾಡುವ ಕಾದಂಬರಿಯೊಂದನ್ನು ಆಗಷ್ಟೇ ಬರೆದು ಮುಗಿಸಿದ್ದ. ಅದರ ಹೆಸರು 'ಲಫೇರ್ ಲೆಟಸ್‌ಬರ್ಗ್'. ಪ್ರಕಾಶಕರು ಅದಕ್ಕಾಗಿ ಕಾಯುತ್ತಿದ್ದರು. ಅವನು ಅದನ್ನು ನಾಶ ಮಾಡಿಬಿಟ್ಟ. ಅದು ಸಿಟ್ಟಿನಲ್ಲಿ ಬರೆದದ್ದು, ಓದುಗನಿಗೆ ಏನನ್ನೂ ಅರ್ಥ ಮಾಡಿಸುವುದಿಲ್ಲ ಎಂದು ಅವನಿಗೆ ಖಚಿತವಾಗಿತ್ತು. ಕೆಲವೇ ದಿನಗಳಲ್ಲಿ ಹೊಸ ಕಾದಂಬರಿಗೆ ಕೂತ.

ಇಲ್ಲಿ ಎರಡು ಬಗೆಯ ಅನುಮಾನಗಳಿವೆ. 'ಈ ಪುಟ ಸರಿ ಬಂದಿಲ್ಲ' ಎನ್ನುವುದು ಒಂದು. 'ನಾನೇ ಸರಿಯಿಲ್ಲ' ಎನ್ನುವುದು ಇನ್ನೊಂದು. ಮೊದಲನೆಯದು ಕಸುಬಿನ ಭಾಗ, ಅದಿಲ್ಲದವನು ಒಳ್ಳೆಯದನ್ನು ಬರೆಯಲಾರ. ಅದಕ್ಕೆ ಉತ್ತರವಿದೆ: ಪುಟವನ್ನು ತಿದ್ದಬಹುದು, ಹರಿದು ಹಾಕಬಹುದು. ಎರಡನೆಯದಕ್ಕೆ ಉತ್ತರವೇ ಇಲ್ಲ, ಏಕೆಂದರೆ ಅದು ತೋರಿಸುವ ತಪ್ಪು ಯಾವ ಪುಟದಲ್ಲಿಯೂ ಇರುವುದಿಲ್ಲ. ಗೋಳೆಂದರೆ ಎರಡೂ ಒಂದೇ ದನಿಯಲ್ಲಿ ಮಾತಾಡುತ್ತವೆ. ಬೆಳಗಿನ ಜಾವ ಎಚ್ಚರವಾಗಿ ಮಲಗಿದವನಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ದಿನಚರಿ ಸ್ಟೈನ್‌ಬೆಕ್‌ಗೆ ಅವನ್ನು ಬೇರೆ ಮಾಡಿಕೊಟ್ಟಿತು ಎಂದು ನಾನು ತಿಳಿದಿದ್ದೇನೆ. ಅದರ ನಡೆಯನ್ನು ಗಮನಿಸಿ. ಬೆಳಿಗ್ಗೆ ಕೂತು ಮೊದಲು ತನ್ನ ಸೋಮಾರಿತನ, ಭಯ, ನಿನ್ನೆ ಕೆಲಸ ಕೆಟ್ಟದ್ದು ಎಲ್ಲವನ್ನೂ ಬರೆಯುತ್ತಾನೆ. ಆಮೇಲೆ ಇವತ್ತು ಜೋಡ್ ಕುಟುಂಬ ಎಲ್ಲಿರಬೇಕು, ಯಾವ ಪಾತ್ರ ಏನು ಮಾಡಬೇಕು ಎಂಬುದಕ್ಕೆ ಬರುತ್ತಾನೆ. ಅಲ್ಲಿಂದ ನೇರ ಕಾದಂಬರಿಗೆ. ದಿನಕ್ಕೆ ಸುಮಾರು 2,000 ಪದಗಳ ಲೆಕ್ಕ, ಕೈಬರಹದಲ್ಲಿ. ಹೆಂಡತಿ ಕ್ಯಾರಲ್ ಅದನ್ನು ಟೈಪ್ ಮಾಡುತ್ತಿದ್ದಳು. ಕಾದಂಬರಿಗೆ ಹೆಸರು ಸೂಚಿಸಿದವಳೂ ಅವಳೇ. ತಾನು ದೊಡ್ಡ ಲೇಖಕ ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಆ ನೂರು ಚಿಲ್ಲರೆ ನಮೂದುಗಳಲ್ಲಿ ಎಲ್ಲೂ ಉತ್ತರ ಸಿಗುವುದಿಲ್ಲ. ಇವತ್ತಿನ ಕೆಲಸ ಆಯಿತೇ ಎಂಬುದಕ್ಕೆ ಸಿಗುತ್ತದೆ. ಅಕ್ಟೋಬರ್ 26ರಂದು ಕಾದಂಬರಿ ಮುಗಿಯಿತು. ಅದು ಚೆನ್ನಾಗಿದೆ ಎಂಬ ನಂಬಿಕೆ ಆ ದಿನವೂ ಅವನಿಗಿರಲಿಲ್ಲ. ಇದು ಜನಪ್ರಿಯವಾಗುವ ಪುಸ್ತಕವಲ್ಲ, ಹೆಚ್ಚು ಪ್ರತಿ ಹಾಕಬೇಡಿ ಎಂದು ಪ್ರಕಾಶಕರಿಗೆ ಎಚ್ಚರಿಕೆ ಕೊಟ್ಟ. 1939ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾದಂಬರಿ ಅದೇ. 1940ರಲ್ಲಿ ಪುಲಿಟ್ಜರ್ ಬಂತು.

ಹಾಗಾದರೆ ಅಂಜಿಕೆ ಹೋಯಿತೆ? 1962ರಲ್ಲಿ ನೊಬೆಲ್ ಪ್ರಕಟವಾದಾಗ ಪತ್ರಕರ್ತರು, ಈ ಬಹುಮಾನಕ್ಕೆ ನೀವು ಅರ್ಹರೇ ಎಂದು ಕೇಳಿದರು. ಇಲ್ಲ ಎಂದೇ ಹೇಳಿದ. ಪ್ರಶಸ್ತಿ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಕಾಯುವ ಯುವಕರು ಇದನ್ನು ತಿಳಿದಿರಬೇಕು. ಅರ್ಹತೆಯ ಪ್ರಶ್ನೆಗೆ ಹೊರಗಿನಿಂದ ಬರುವ ಯಾವ ಉತ್ತರವೂ ಸಾಲುವುದಿಲ್ಲ, ಅದು ಸ್ಟಾಕ್‌ಹೋಮಿನಿಂದ ಬಂದರೂ ಅಷ್ಟೇ.

ನಡುವೆ ಒಂದು ಬದಲಾವಣೆ ಮಾತ್ರ ಆಗಿತ್ತು. 1951ರಲ್ಲಿ 'ಈಸ್ಟ್ ಆಫ್ ಈಡನ್' ಬರೆಯುವಾಗಲೂ ಅವನು ದಿನದ ಕೆಲಸಕ್ಕೆ ಮೊದಲು ಒಂದಿಷ್ಟು ಬರೆದುಕೊಳ್ಳುತ್ತಿದ್ದ. ಆದರೆ ಈ ಸಲ ಅದು ತನಗೆ ತಾನೇ ಬರೆದುಕೊಂಡ ದಿನಚರಿಯಲ್ಲ, ಸಂಪಾದಕ ಪ್ಯಾಸ್ಕಲ್ ಕೊವಿಚಿಗೆ ಬರೆದ ಪತ್ರ. ದೊಡ್ಡ ನೋಟ್‌ಬುಕ್ಕಿನ ಎಡಪುಟದಲ್ಲಿ ಗೆಳೆಯನಿಗೆ ಪತ್ರ, ಬಲಪುಟದಲ್ಲಿ ಕಾದಂಬರಿ. ಮುಗಿದ ಮೇಲೆ ಮರದ ಪೆಟ್ಟಿಗೆಯೊಂದನ್ನು ತಾನೇ ಕೆತ್ತಿ, ಹಸ್ತಪ್ರತಿಯನ್ನು ಅದರಲ್ಲಿಟ್ಟು ಕೊವಿಚಿಗೆ ಕೊಟ್ಟ. ಅಂಜಿಕೆ ಅಷ್ಟೇ ಇತ್ತು, ಕೇಳಿಸಿಕೊಳ್ಳುವವನೊಬ್ಬ ಸಿಕ್ಕಿದ್ದ.

ಈ ಅಂಜಿಕೆಗೆ ಶಾಸ್ತ್ರದ ಹೆಸರು ಬಂದದ್ದು 1978ರಲ್ಲಿ. ಹೆಸರಿಟ್ಟವರು ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿದ್ದ ಮನಃಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್. ಓದಿನಲ್ಲಿ, ವೃತ್ತಿಯಲ್ಲಿ ಮುಂದೆ ಬಂದಿದ್ದ 150ಕ್ಕೂ ಹೆಚ್ಚು ಹೆಂಗಸರ ಜೊತೆ ಕೆಲವು ವರ್ಷ ಮಾತಾಡಿ, ಇವರೆಲ್ಲ ತಮ್ಮ ಗೆಲುವನ್ನು ತಮ್ಮದೆಂದು ಒಪ್ಪಲಾರದೆ ಒದ್ದಾಡುತ್ತಿದ್ದಾರೆ ಎಂದು ಬರೆದರು. ಅವರು ಇದನ್ನು 'ಸಿಂಡ್ರೋಮ್' ಎಂದಿರಲಿಲ್ಲ, 'ಫಿನಾಮಿನನ್' ಎಂದಿದ್ದರು. ಇವತ್ತಿಗೂ ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಕ್ಲಾನ್ಸ್ ಗುರುತಿಸಿದ ಒಂದು ಸುಳಿ ಮಾತ್ರ ಬರೆಯುವವರಿಗೆಲ್ಲ ಚೆನ್ನಾಗಿ ಗೊತ್ತಿರುವಂಥದ್ದು. ಕೆಲಸ ಬಂದೊಡನೆ ಒಬ್ಬರು ಭಯದಲ್ಲಿ ಬೇಕಾದ್ದಕ್ಕಿಂತ ಹತ್ತು ಪಟ್ಟು ದುಡಿಯುತ್ತಾರೆ, ಇನ್ನೊಬ್ಬರು ಕೊನೆಯ ಗಳಿಗೆಯವರೆಗೂ ಮುಂದೂಡುತ್ತಾರೆ. ಇಬ್ಬರ ಕೆಲಸವೂ ಚೆನ್ನಾಗಿಯೇ ಆಗುತ್ತದೆ. ಮೊದಲನೆಯವರು 'ಕತ್ತೆಯ ಹಾಗೆ ದುಡಿದೆ, ಅದಕ್ಕೇ ಆಯಿತು, ಪ್ರತಿಭೆಯೇನಿಲ್ಲ' ಎನ್ನುತ್ತಾರೆ. ಎರಡನೆಯವರು 'ಏನೋ ಅದೃಷ್ಟ' ಎನ್ನುತ್ತಾರೆ. ಯಾವ ದಾರಿಯಲ್ಲಿ ಹೋದರೂ ಗೆಲುವು ತಮ್ಮ ಖಾತೆಗೆ ಜಮೆಯಾಗುವುದೇ ಇಲ್ಲ.

ಕಲೆಯ ಕೆಲಸದಲ್ಲಿ ಈ ಸುಳಿ ಇನ್ನಷ್ಟು ಆಳ. ವೈದ್ಯರಿಗೆ, ವಕೀಲರಿಗೆ ಪರೀಕ್ಷೆಯಿದೆ, ಸನ್ನದು ಇದೆ. ಕವಿಗೆ ಅಂಥ ಕಾಗದವನ್ನು ಯಾರೂ ಕೊಡುವುದಿಲ್ಲ. ಹಿಂದಿನ ಕವಿತೆ ಬರೆದದ್ದು ಮುಂದಿನ ಕವಿತೆಗೆ ಜಾಮೀನಾಗುವುದಿಲ್ಲ, ಪ್ರತಿ ಸಲವೂ ಖಾಲಿ ಹಾಳೆಯಿಂದಲೇ ಶುರು. ಇನ್ನೊಂದು ಕಾರಣವೂ ಇದೆ. ಬರೆಯಲು ಹೊರಟವರು ಸಾಮಾನ್ಯವಾಗಿ ಒಳ್ಳೆಯ ಓದುಗರು. ಅವರ ಓದು ಕುವೆಂಪು, ಕಾರಂತ, ಬೇಂದ್ರೆಯವರ ಎತ್ತರದಲ್ಲಿರುತ್ತದೆ, ಕೈ ಇನ್ನೂ ಮೊದಲ ಕಥೆಯಲ್ಲಿರುತ್ತದೆ. ಆ ಅಂತರ ನಿಜವಾದದ್ದೇ. ಅದು ಕಾಣಿಸುತ್ತಿದೆ ಎಂದರೆ ಕಣ್ಣು ಸರಿಯಾಗಿದೆ ಎಂದರ್ಥ, ಕೈ ಕಳ್ಳಕೈ ಎಂದಲ್ಲ. ಈಗ ಫೋನು ಬೇರೆ ಬಂದಿದೆ. ಬೇರೆಯವರು ಮುಗಿಸಿ, ಹೊಳಪು ಕೊಟ್ಟು, ಬಿಡುಗಡೆ ಮಾಡಿದ್ದನ್ನು ಅರ್ಧ ಗೀಚಿದ ನಮ್ಮ ಕರಡಿನ ಪಕ್ಕಕ್ಕೇ ತಂದಿಡುತ್ತದೆ.

ನಮ್ಮಲ್ಲಿ ಒಂದು ತೊಡಕು ಜಾಸ್ತಿ. ಸಣ್ಣವರಾಗಿ ಕಾಣಿಸಿಕೊಳ್ಳುವುದು ನಮ್ಮ ಶಿಷ್ಟಾಚಾರ. ಕವಿಗೋಷ್ಠಿಯಲ್ಲಿ ಮೈಕಿನ ಮುಂದೆ ಬಂದವರು 'ನಾನೇನು ಕವಿಯಲ್ಲ, ಸುಮ್ಮನೆ ಏನೋ ಗೀಚಿದ್ದೇನೆ' ಎನ್ನದೆ ಶುರು ಮಾಡುವುದು ಕಡಿಮೆ. ಆ ಮಾತಿನಲ್ಲಿ ಎಷ್ಟು ವಾಡಿಕೆ, ಎಷ್ಟು ನಿಜವಾದ ನೋವು ಎಂದು ಹೇಳುವುದು ಕಷ್ಟ. ನೋವಿದ್ದವರೂ ವಾಡಿಕೆಯ ಮರೆಯಲ್ಲಿ ನಿಂತುಬಿಡುತ್ತಾರೆ, ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಹಳೆಯ ಕವಿಗಳು ಈ ವಿಷಯದಲ್ಲಿ ಹೆಚ್ಚು ಆರೋಗ್ಯವಂತರು ಎಂದು ನನಗನ್ನಿಸಿದೆ. ಕುಮಾರವ್ಯಾಸನ ಪೀಠಿಕೆಯನ್ನೇ ತೆಗೆದುಕೊಳ್ಳಿ. ಗದುಗಿನ ವೀರನಾರಾಯಣನೇ ಕವಿ, ತಾನು ಬರೀ ಬರೆದುಕೊಳ್ಳುವವನು ಎನ್ನುತ್ತಾನೆ. ಅದೇ ಪೀಠಿಕೆಯಲ್ಲಿ, ಒಮ್ಮೆ ಇಟ್ಟ ಪದವನ್ನು ಅಳಿಸದಿರುವುದು ತನ್ನ ಹೆಚ್ಚುಗಾರಿಕೆ ಎಂದೂ ಸಾರುತ್ತಾನೆ. ವಿನಯ ಮತ್ತು ಹೆಮ್ಮೆ ಒಂದೇ ಉಸಿರಿನಲ್ಲಿ. ಕಾವ್ಯದ ಮೂಲ ತನ್ನಾಚೆ ಇದೆ, ಹಾಗಾಗಿ ತಾನು ಯಾರೆಂಬ ಪ್ರಶ್ನೆ ಅವನನ್ನು ಕಾಡುವುದಿಲ್ಲ. ಕಸುಬು ತನ್ನ ಕೈಯಲ್ಲಿದೆ, ಅದರ ಬಗ್ಗೆ ಸಂಕೋಚವೂ ಇಲ್ಲ. ದೇವರನ್ನು ನಂಬದವರೂ ಇದನ್ನು ಅವನಿಂದ ಕಲಿಯಬಹುದು.

ಹದಿನೇಳನೆಯ ಶತಮಾನದ ಕೊನೆಗೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಕೆಲಸದಲ್ಲಿದ್ದ ಹೊನ್ನಮ್ಮನಿಗೆ ಅಂಜಲು ಎಲ್ಲ ಕಾರಣಗಳೂ ಇದ್ದವು. ಸುತ್ತ ಆಸ್ಥಾನ ಪಂಡಿತರು, ತಾನು ಊಳಿಗದವಳು. ಹಾಗಿದ್ದೂ 'ಹದಿಬದೆಯ ಧರ್ಮ' ಬರೆದಳು. ಅವಳ ಪ್ರತಿಭೆಯನ್ನು ಕಂಡು, ಇವಳಿಂದ ಕಾವ್ಯ ಬರೆಸಬೇಕು ಎಂದು ರಾಣಿ ದೇವಾಜಮ್ಮಣ್ಣಿ ಮುಂದಾದಳು, ಕಲಿಸಿದ ಗುರು ಸಿಂಗರಾರ್ಯ ಅವಳನ್ನು ಮೆಚ್ಚಿಕೊಂಡ. ಆ ಇಬ್ಬರಿಲ್ಲದಿದ್ದರೆ ನಮಗೆ ಆ ಕೃತಿ ಸಿಗುತ್ತಿತ್ತೇ?

ಹೊನ್ನಮ್ಮನ ಹೆಸರು ಬಂದದ್ದರಿಂದ, ಸಲಹೆಗಾರರು ಬಿಟ್ಟುಬಿಡುವ ಒಂದು ಮಾತನ್ನು ಹೇಳಲೇಬೇಕು. ಈ ಅಂಜಿಕೆ ಎಲ್ಲರ ಒಳಗೂ ತಾನಾಗಿಯೇ ಹುಟ್ಟುವುದಿಲ್ಲ. ಕೆಲವರಿಗೆ ಅದನ್ನು ಹೊರಗಿನವರು ಕಲಿಸಿಕೊಡುತ್ತಾರೆ. ಗಂಗೂಬಾಯಿ ಹಾನಗಲ್ ಅವರು 1913ರಲ್ಲಿ ಧಾರವಾಡದಲ್ಲಿ, ಹಾಡುವ ಹೆಂಗಸರ ಮನೆತನದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮೇಲ್ಜಾತಿಯವರ ಓಣಿಯಲ್ಲಿ ನಡೆದು ಹೋಗುವಾಗ ಕೇಳಿಬಂದ ಹೀನಾಯದ ಮಾತುಗಳನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಲು ಹೋದ ಆ ಹುಡುಗಿಗೆ ಹಾಡಿನ ಭಯವಿರಲಿಲ್ಲ. ಊಟವಾದ ಮೇಲೆ ಎಂಜಲು ತೆಗೆಯಲು ತನಗೆ ಹೇಳುತ್ತಾರೇನೋ ಎಂಬ ಭಯವಿತ್ತು. ಅಂಥ ಮಗುವಿಗೆ 'ನಿನಗೆ ಇಂಪೋಸ್ಟರ್ ಸಿಂಡ್ರೋಮ್ ಇದೆ, ಆತ್ಮವಿಶ್ವಾಸ ಬೆಳೆಸಿಕೋ' ಎಂದು ಹೇಳುವುದು ಅನ್ಯಾಯ. ತಪ್ಪು ಓಣಿಯದು. 2021ರಲ್ಲಿ ಲೇಖಕಿಯರಾದ ರುಚಿಕಾ ತುಲಶ್ಯಾನ್ ಮತ್ತು ಜೋಡಿ ಆನ್ ಬ್ಯೂರಿ ಅಮೆರಿಕದ ಕಚೇರಿಗಳಲ್ಲಿ ದುಡಿಯುವ ಹೆಂಗಸರ ಬಗ್ಗೆ ಹೇಳಿದ್ದೂ ಇದನ್ನೇ: ಹೆಂಗಸರನ್ನು ರಿಪೇರಿ ಮಾಡುವುದು ಬಿಡಿ, ಅವರನ್ನು ಹೊರಗಿನವರೆಂದು ಕಾಣುವ ಜಾಗಗಳನ್ನು ಸರಿಮಾಡಿ.

ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಗೂಬಾಯಿಯವರ ಧ್ವನಿಯೇ ಬದಲಾಯಿತು. ಮೊದಮೊದಲ ಧ್ವನಿಮುದ್ರಿಕೆಗಳಲ್ಲಿ ಇರುವ ತೆಳುವಾದ ಏರುದನಿ ಹೋಗಿ, ಗಂಡುದನಿಯೆಂದು ಕೇಳಿದವರು ಬೇಸ್ತುಬೀಳುವಷ್ಟು ಗಂಭೀರ ದನಿ ಬಂತು. ಹೆಣ್ಣಿನ ಹಾಡು ಹೀಗಿರಬೇಕು ಎಂಬ ಅಳತೆಗೆ ಆ ದನಿ ಒಗ್ಗುತ್ತಿರಲಿಲ್ಲ. ಅದನ್ನು ಮುಚ್ಚಿಡಲು, ತೆಳುವಾಗಿಸಲು ಅವರು ಹೋಗಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತರು. ಗುರುಗಳು ರಾಗಗಳ ರಾಶಿ ಹಾಕಲಿಲ್ಲ, ಒಂದೊಂದು ತಾನನ್ನೂ ಕೂತಲ್ಲೇ ಮತ್ತೆ ಮತ್ತೆ ಹೇಳಿಸಿದರು. ಅವರ ವಿಲಂಬಿತ ಖಯಾಲ್ ಕೇಳಿದವರಿಗೆ ಆ ರಿಯಾಜಿನ ಬೆಲೆ ಗೊತ್ತು. 2002ರಲ್ಲಿ ಪದ್ಮವಿಭೂಷಣ ಬಂತು. ಗಂಡಸು ಹಾಡಿದರೆ ಪಂಡಿತ, ಉಸ್ತಾದ್ ಆಗುತ್ತಾನೆ, ಹೆಣ್ಣು ಎಷ್ಟು ಹಾಡಿದರೂ ಬಾಯಿಯಾಗಿಯೇ ಉಳಿಯುತ್ತಾಳೆ ಎಂಬ ಅವರ ಮಾತಿನ ಕಹಿ ಮಾತ್ರ ಅದರಿಂದ ತೊಳೆದುಹೋಗಲಿಲ್ಲ.

ಶಾಲೆಯ ಓದಿನ ಕೊರತೆ ಇನ್ನೊಂದು ಕಲಿಸಿಕೊಟ್ಟ ಅಂಜಿಕೆ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರಿಗೆ ಹನ್ನೆರಡರ ವಯಸ್ಸಿಗೆ ಮದುವೆಯಾಯಿತು, ಓದು ಅಲ್ಲಿಗೆ ನಿಂತಿತು. ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ಪದವಿಯನ್ನೇ ಅರ್ಹತೆ ಎಂದುಕೊಂಡಿದ್ದರೆ ಅವರು ಬರೆಯುತ್ತಲೇ ಇರಲಿಲ್ಲ. ತಮ್ಮ ಕುಟುಂಬದಲ್ಲೇ ಬಾಳಿ ಹೋದ ಬಾಲವಿಧವೆಯೊಬ್ಬರ ಬದುಕನ್ನು ಅವರು ಮನೆಯ ಹೆಂಗಸರ ಬಾಯಿಂದ ಕೇಳಿದ್ದರು. 1976ರ 'ಫಣಿಯಮ್ಮ' ಅದರಿಂದ ಹುಟ್ಟಿತು. ಆ ಕಾದಂಬರಿ ಬರೆಯಲು ಬೇಕಾದ ತಿಳಿವಳಿಕೆ ಆ ಕಾಲದ ಯಾವ ವಿಶ್ವವಿದ್ಯಾಲಯದಲ್ಲಿಯೂ ಸಿಗುತ್ತಿರಲಿಲ್ಲ, ಅಡುಗೆಮನೆ ಮತ್ತು ನಡುಮನೆಯಲ್ಲಿ ಸಿಗುತ್ತಿತ್ತು. ನನಗೆ ಏನೂ ಗೊತ್ತಿಲ್ಲ ಎಂದು ಹಿಂಜರಿಯುವವರು ತಮಗೆ ಮಾತ್ರ ಗೊತ್ತಿರುವುದು ಏನು ಎಂದು ಒಂದು ಸಲ ಪಟ್ಟಿ ಮಾಡಿ ನೋಡಬೇಕು.

ಇನ್ನು ಮೈಸೂರಿನ ಆರ್.ಕೆ. ನಾರಾಯಣ್ ಅವರ ಕಥೆ ಬಹಳ ಜನಕ್ಕೆ ಗೊತ್ತು, ಆದರೆ ಅದರಲ್ಲಿ ನಾವು ಮೆಚ್ಚುವುದು ತಪ್ಪು ಮನುಷ್ಯನನ್ನು ಎಂದು ನನ್ನ ಅಭಿಪ್ರಾಯ. 'ಸ್ವಾಮಿ ಅಂಡ್ ಫ್ರೆಂಡ್ಸ್' ಹಸ್ತಪ್ರತಿಯನ್ನು ಲಂಡನ್ನಿನ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ವಾಪಸ್ ಕಳಿಸಿದರು. ಸೋತ ನಾರಾಯಣ್, ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಗೆಳೆಯ ಪೂರ್ಣ ಅವರಿಗೆ, ಇದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಎಂದು ಬರೆದರು. ಪೂರ್ಣ ಹಾಕಲಿಲ್ಲ. ಲೇಖಕ ಗ್ರಹಾಂ ಗ್ರೀನ್ ಕೈಗೆ ಕೊಟ್ಟರು. ಗ್ರೀನ್ ಓದಿದ, ಪ್ರಕಾಶಕರಿಗೆ ಹೇಳಿದ, 1935ರಲ್ಲಿ ಪುಸ್ತಕ ಬಂತು. ನಾವು ಗ್ರೀನ್‌ನನ್ನು ನೆನೆಯುತ್ತೇವೆ. ನೆನೆಯಬೇಕಾದವರು ಪೂರ್ಣ. ಬರೆದವನು ತನ್ನ ಮೇಲೆ ತಾನೇ ಕೊಟ್ಟುಕೊಂಡ ತೀರ್ಪನ್ನು ಒಪ್ಪದ ಒಬ್ಬ ಗೆಳೆಯ, ಗೆಳೆತನದ ಮುಲಾಜಿಗೆ ಹೊಗಳಿ ಸುಮ್ಮನಾಗದೆ ಹಸ್ತಪ್ರತಿಯನ್ನು ಹಿಡಿದುಕೊಂಡು ಓಡಾಡಿದವರು.

ಇಷ್ಟು ಜನರನ್ನು ನೋಡಿದ ಮೇಲೆ ನನಗೆ ಖಚಿತವಾಗಿ ಹೇಳಲು ಸಾಧ್ಯವಾಗುವುದು ಇಷ್ಟೇ: ಅಂಜಿಕೆ ಹೋಗಲಿ ಎಂದು ಕಾಯಬಾರದು. ದಿನಕ್ಕೆ ಇಷ್ಟು ಎಂದು ಕೈಗೆಟುಕುವ ಕೆಲಸ ಇಟ್ಟುಕೊಳ್ಳಬೇಕು. ನಾನು ಯಾರು ಎಂಬ ಪ್ರಶ್ನೆಯನ್ನು ಕೆಲಸದ ಹೊತ್ತಿನಲ್ಲಿ ಕೇಳಿಕೊಳ್ಳಬಾರದು, ಈ ಸಾಲು ಹೇಗಿದೆ ಎಂದು ಮಾತ್ರ ಕೇಳಬೇಕು. ನಿಜ ಹೇಳುವ ಒಬ್ಬ ಓದುಗ ಬೇಕು, ನೂರು ಲೈಕುಗಳಿಂದ ಆ ಕೆಲಸ ಆಗದು. ಇನ್ನು ಅಂಜಿಕೆ ಕಲೆಯನ್ನು ದಾಟಿ ನಿದ್ದೆ, ಊಟ, ಬದುಕುವ ಆಸೆಯನ್ನೇ ತಿನ್ನತೊಡಗಿದರೆ ಅದು ಬೇರೆಯೇ ಸಂಗತಿ. ಆಗ ದಿನಚರಿ ಸಾಲದು, ವೈದ್ಯರ ಹತ್ತಿರ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್ ಮುಂಚೂಣಿಯಲ್ಲಿ ನಿಂತು ನಡೆಸುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಉಳಿದದ್ದು ಬರೆಯದೆ ಇರುವ ನಮ್ಮೆಲ್ಲರ ಪಾಲಿನ ಕೆಲಸ. ಮನೆಯ ಮಗಳು ಕಥೆ ಬರೆದು ತಂದು ತೋರಿಸಿದಾಗ, ಸಹೋದ್ಯೋಗಿ ನಾಟಕದ ಮೊದಲ ಅಂಕವನ್ನು ವಾಟ್ಸ್‌ಆ್ಯಪ್ ಮಾಡಿದಾಗ, 'ಸೂಪರ್' ಎಂದು ಹೆಬ್ಬೆರಳು ಒತ್ತಿ ಮುಗಿಸುತ್ತೇವೆ. ಅವರಿಗೆ ಅದು ಏನನ್ನೂ ಹೇಳುವುದಿಲ್ಲ, ರಾತ್ರಿಯ ಹೊತ್ತಿಗೆ ಅದನ್ನು ಅವರು ನಂಬುವುದೂ ಇಲ್ಲ. ಪೂರ್ತಿ ಓದಿ. ಎಲ್ಲಿ ಬೇಸರವಾಗಿ ಪುಟ ಹಾರಿಸಿದಿರಿ ಎಂದು ಹೇಳಿ. ಯಾವ ಸಾಲಿಗೆ ನಿಂತು ಹಿಂದಕ್ಕೆ ಹೋಗಿ ಮತ್ತೊಮ್ಮೆ ಓದಿದಿರಿ ಎಂದು ಹೇಳಿ. ಕಥೆಯಲ್ಲಿನ ಆ ಅಜ್ಜಿ ಯಾಕೆ ಕೊನೆಯಲ್ಲಿ ಬಾಗಿಲು ತೆಗೆಯಲಿಲ್ಲ ಎಂದು ಕೇಳಿ. ಮುಂದಿನದನ್ನು ಯಾವಾಗ ಕೊಡುತ್ತೀರಿ ಎಂದು ದಿನ ಗೊತ್ತು ಮಾಡಿಕೊಳ್ಳಿ, ಆ ದಿನ ಬಂದಾಗ ಮರೆಯದೆ ಕೇಳಿ.